ಬೂದಿ ಗೆದ್ದ ಶುಕ್ರವಾರ

ನಮ್ಮ ಮನೆಗೆ ಅಡಿಪಾಯ ಇರಲಿಲ್ಲ ಎಂದರೆ ಕೇಳಿದವರು ಅದರಲ್ಲಿ ಏನೋ ಒಳಾರ್ಥ ಹುಡುಕುತ್ತಾರೆ. ಒಳಾರ್ಥ ಏನೂ ಇಲ್ಲ. ಲಾರಿಯಲ್ಲಿ ತಂದು, ಸಿಮೆಂಟ್ ಇಟ್ಟಿಗೆಗಳ ಮೇಲೆ ಕ್ರೇನಿನಿಂದ ಇಳಿಸಿದ ಪೋರ್ಟಾ ಕ್ಯಾಬಿನ್ ಅದು. ಒಂದರ ಹಿಂದೆ ಒಂದು ಮೂರು ಕೋಣೆ, ರೈಲಿನ ಬೋಗಿಯ ಹಾಗೆ. ಹಿಂದಿನ ಕೋಣೆಗೆ ಹೋಗಬೇಕಾದರೆ ಮುಂದಿನ ಎರಡನ್ನೂ ದಾಟಬೇಕು. ಹಾಗಾಗಿ ಮುನಿಸಿಕೊಂಡು ಎದ್ದು ಹೋಗುವವರೂ ಮುನಿಸಿಗೆ ಕಾರಣರಾದವರ ಕಾಲು ದಾಟಿಯೇ ಹೋಗಬೇಕಿತ್ತು. ಎ.ಸಿ. ಇದ್ದದ್ದು ನಡುವಿನ ಕೋಣೆಗೆ ಮಾತ್ರ. ಅಡುಗೆಮನೆ ಹೊರಗೆ, ಖರ್ಜೂರದ ಗರಿ ಹೊದಿಸಿದ ಚಪ್ಪರದ ಕೆಳಗೆ. ಅಲ್ಲಿ ಎರಡು ಡ್ರಮ್ಮು: ಒಂದರಲ್ಲಿ ಟ್ಯಾಂಕರಿನವನು ತಂದು ಹಾಕುವ ಸಿಹಿನೀರು, ಕುಡಿಯಲಿಕ್ಕೆ ಮತ್ತು ಅನ್ನಕ್ಕೆ, ಇನ್ನೊಂದರಲ್ಲಿ ತೋಟದ ಬಾವಿಯ ನೀರು, ಉಳಿದ ಎಲ್ಲದಕ್ಕೆ. ಬಾವಿಯ ನೀರಿನಲ್ಲಿ ಸೋಪು ನೊರೆ ಬಿಡುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ. ಸಮುದ್ರ ಅರ್ಧ ಮೈಲಿ ದೂರದಲ್ಲಿತ್ತು. ನೆಲದಡಿಯಿಂದ ಅದು ಇನ್ನೂ ಹತ್ತಿರ ಬಂದಿದೆ ಎಂದು ಅಪ್ಪ ಹೇಳುತ್ತಿದ್ದರು.

ಸುವೈಕ್ ಪೇಟೆಯ ಹೊರಗಿನ ಆ ತೋಟದಲ್ಲಿ ಕನ್ನಡವಾಗಲಿ ತುಳುವಾಗಲಿ ಆಡುವವರು ನಾವು ಮೂವರೇ. ಅಪ್ಪ ಕೃಷಿ ಡಿಪ್ಲೊಮಾ ಮಾಡಿಕೊಂಡು, ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲವು ಕಾಲ ನಿಂತು, ಆಮೇಲೆ ಒಮಾನಿಗೆ ಬಂದವರು. ನಾನೂ ಅಮ್ಮನೂ ನಾಲ್ಕು ವರ್ಷ ತಡವಾಗಿ ಬಂದೆವು. ಆ ನಾಲ್ಕು ವರ್ಷದಲ್ಲಿ ನನಗೆ ಅಪ್ಪನೆಂದರೆ ಕಪಾಟಿನ ಮೇಲಿದ್ದ ಒಂದು ಫೋಟೊ ಮತ್ತು ಎರಡು ವರ್ಷಕ್ಕೊಮ್ಮೆ ಬರುವ ಸುಗಂಧದ ವಾಸನೆ. ಆದ್ದರಿಂದ ಮನೆಯಲ್ಲಿ ಅಪ್ಪ ದಿನಾ ಇರುತ್ತಾರೆ ಎನ್ನುವುದನ್ನು ನಾನು ಬಹಳ ಕಾಲ ಸಹಜ ಎಂದು ಒಪ್ಪಲಿಲ್ಲ. ಬೆಳಿಗ್ಗೆ ಎದ್ದವಳೇ ಮೊದಲು ಬಾಗಿಲ ಹೊರಗೆ ಅವರ ಮಣ್ಣು ಮೆತ್ತಿದ ಬೂಟು ಇದೆಯೇ ಎಂದು ನೋಡುತ್ತಿದ್ದೆ. ಅಮ್ಮನಿಗೆ ಅಪ್ಪ ಸಿಕ್ಕಿದರು, ಆದರೆ ಮಾತು ಕಳೆದುಹೋಯಿತು. ಅಡುಗೆ ಮುಗಿದ ಮೇಲೆ ಅವಳು ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಊರಿನ ದೊಡ್ಡಮ್ಮನಿಗೆ ಕ್ಯಾಸೆಟ್ಟಿನಲ್ಲಿ ಪತ್ರ ತುಂಬಿಸುತ್ತಿದ್ದಳು. "ಅಕ್ಕಾ, ಇವತ್ತು ಬೂತಾಯಿ ಮೀನು ಸಿಕ್ಕಿತು, ಇಲ್ಲಿ ಅದನ್ನು ಒಣಗಿಸಿ ದನಕ್ಕೆ ಹಾಕ್ತಾರೆ ಗೊತ್ತುಂಟಾ, ನಾವು ತಿನ್ನುವುದು ನೋಡಿದರೆ ನಗಾಡ್ತಾರೆ" ಎಂದು ಹೇಳಿ, ಉತ್ತರ ಬರುವಷ್ಟು ಹೊತ್ತು ಸುಮ್ಮನೆ ಕೂತು, ಮತ್ತೆ ಮುಂದುವರಿಸುತ್ತಿದ್ದಳು. ಆ ಕ್ಯಾಸೆಟ್ಟುಗಳಲ್ಲಿ ಅವಳ ಮಾತಿಗಿಂತ ನೀರಿನ ಪಂಪಿನ ಸದ್ದೇ ಹೆಚ್ಚು ಇದ್ದಿರಬೇಕು.

ನನಗೆ ಜೊತೆಗೆ ಆಡಲು ಮಕ್ಕಳಿರಲಿಲ್ಲ. ಶಾಲೆಯ ವ್ಯಾನಿನಲ್ಲಿ ಮೊದಲು ಹತ್ತಿ ಕೊನೆಗೆ ಇಳಿಯುವವಳು ನಾನು. ಉಳಿದ ಹೊತ್ತಿನಲ್ಲಿ ನನ್ನೊಡನೆ ನಾನೇ ಎರಡು ದನಿಯಲ್ಲಿ ಜಗಳವಾಡುತ್ತಿದ್ದೆ: ಖರ್ಜೂರ ಹಣ್ಣೋ ತಿಂಡಿಯೋ, ಒಂಟೆ ಚಂದವೋ ಕುರೂಪವೋ. ಈ ರೋಗಕ್ಕೆ ಶಾಲೆಯಲ್ಲಿ ಹೆಸರಿದೆ ಎಂದು ಏಳನೆಯ ಕ್ಲಾಸಿನಲ್ಲಿ ಗೊತ್ತಾಯಿತು. ಇಂಗ್ಲಿಷ್ ಕಲಿಸುತ್ತಿದ್ದ ಫ್ಲೇವಿಯಾ ಮಿಸ್, ಮಂಗಳೂರಿನ ಕಡೆಯ ಕೊಂಕಣಿಯವರು, ನನ್ನನ್ನು ಚರ್ಚಾ ತಂಡಕ್ಕೆ ಸೇರಿಸಿದರು. ಅವರ ಪದ್ಧತಿಯೇ ಬೇರೆ. ವಿಷಯ ಕೊಟ್ಟು, ಐವತ್ತು ಬೈಸಾ ನಾಣ್ಯ ಚಿಮ್ಮಿ, ಅದು ಬಿದ್ದ ಹಾಗೆ ಪಕ್ಷ ಹಂಚುತ್ತಿದ್ದರು. ನೀನು ಏನು ನಂಬುತ್ತೀ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. "ಎದುರಿನವರ ಮಾತಿನಲ್ಲಿ ಅತಿ ಗಟ್ಟಿ ಯಾವುದೋ ಅದನ್ನೇ ಹಿಡಿ, ಸವಿತಾ. ಮೆತ್ತಗಿನದ್ದನ್ನು ಮುರಿದರೆ ಎಂತ ಸಾಧನೆ?" ಎನ್ನುತ್ತಿದ್ದರು. ನಾನು ಗೆಲ್ಲಲಿಕ್ಕೆ ಶುರುಮಾಡಿದೆ. ಗೆಲ್ಲುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ದಿನವಿಡೀ ಯಾರೂ ನೋಡದವಳಿಗೆ ಅದು ಸಣ್ಣ ಸಂಗತಿಯಲ್ಲ.

ಅಪ್ಪನಿಗೆ ಇದರಲ್ಲಿ ನನಗಿಂತ ಹೆಚ್ಚು ಉಮೇದು. ಶುಕ್ರವಾರ ರಜೆ. ಮಧ್ಯಾಹ್ನದ ಊಟಕ್ಕೆ ಚಪ್ಪರದ ಕೆಳಗೆ ಚಾಪೆ ಹಾಸಿ, ಕುಚ್ಚಲಕ್ಕಿ ಅನ್ನ ಮತ್ತು ಮೀನುಸಾರು ಇಟ್ಟುಕೊಂಡು ನಮ್ಮ ಮನೆಯಲ್ಲಿ ಚರ್ಚೆ ನಡೆಯುತ್ತಿತ್ತು. ಸೌಟಿನಿಂದ ತಟ್ಟೆ ಬಡಿದರೆ ಶುರು, ಇನ್ನೊಮ್ಮೆ ಬಡಿದರೆ ಖಲಾಸ್. ನಾಣ್ಯ ಚಿಮ್ಮುವುದು ಅಪ್ಪ, ತೀರ್ಪು ಅಮ್ಮನದು, ಗೆದ್ದವರಿಗೆ ಮೀನಿನ ಮೊಟ್ಟೆ. ಕೆಲವು ಶುಕ್ರವಾರ ಅಪ್ಪ ಬೇಕೆಂದೇ ಸೋಲುತ್ತಾರೆ ಎಂಬ ಅನುಮಾನ ನನಗಿತ್ತು. ಕೇಳಿದರೆ, "ಸಾಕ್ಷಿ ಉಂಟಾ ನಿನ್ನ ಹತ್ತಿರ?" ಎಂದು ನನ್ನ ಮಾತನ್ನೇ ನನಗೆ ತಿರುಗಿಸುತ್ತಿದ್ದರು.

ತೋಟದ ಯಜಮಾನರನ್ನು ಎಲ್ಲರೂ ಅರ್ಬಾಬ್ ಎಂದು ಕರೆಯುತ್ತಿದ್ದರು. ನಮ್ಮ ವೀಸಾ, ಮನೆ, ನೀರಿನ ಟ್ಯಾಂಕರು ಎಲ್ಲವೂ ಅವರ ಸಹಿಯಲ್ಲಿ ನಿಂತಿತ್ತು. ಆ ವರ್ಷ ಬೇಸಿಗೆಯಲ್ಲಿ ಅವರು ಕಣ್ಣಿನ ಆಪರೇಷನ್ನಿಗೆಂದು ಇಂಗ್ಲೆಂಡಿಗೆ ಹೋಗಿದ್ದರು. ಪಟ್ಟಿ ಬಿಚ್ಚಿ ಎರಡು ದಿನಕ್ಕೆ ಯಾವುದೋ ಅಂಗಡಿಯ ಗೋಡೆಯಲ್ಲಿ ಒಂದು ದೊಡ್ಡ ಚಿತ್ರ ನೋಡಿದರಂತೆ: ಆಕಾಶದ ಅಂಚಿನ ತನಕ ಹಳದಿ ಹೂವಿನ ಗದ್ದೆ. ಇದು ಏನು ಎಂದು ಕೇಳಿ, ಹುಡುಕಿಸಿ, ಬೀಜ ತರಿಸಿ, ಸೂಟ್‌ಕೇಸಿನಲ್ಲಿ ತಂದೇಬಿಟ್ಟರು. ಅಪ್ಪ ಅದನ್ನು ಎಣ್ಣೆ ಸಾಸಿವೆ ಎಂದು ಕರೆದರು. ಸಾಸಿವೆಯ ಬಳಗದ್ದೇ, ಆದರೆ ಒಗ್ಗರಣೆಗಲ್ಲ, ಗಾಣಕ್ಕೆ. ಅಮ್ಮ ನಂಬದೆ ಒಂದು ಚಿಟಿಕೆ ಕದ್ದು ಬಿಸಿ ಎಣ್ಣೆಗೆ ಹಾಕಿದಳು. ಸಿಡಿಯಿತು, ಘಾಟು ಬರಲಿಲ್ಲ. "ಸದ್ದು ಮಾತ್ರ ಉಂಟು, ಇದರಲ್ಲಿ ಸತ್ವ ಇಲ್ಲ" ಎಂದು ಮೂಗು ಮುರಿದಳು.

ಅರ್ಬಾಬ್ ಪಿಕಪ್ಪಿನಿಂದ ಇಳಿಯದೆ, ಕಿಟಕಿಯಲ್ಲಿ ಮೊಣಕೈ ಊರಿಕೊಂಡು ಅಪ್ಪನೊಡನೆ ಮುರುಕು ಹಿಂದಿಯಲ್ಲಿ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಅಪ್ಪನನ್ನು ಅವರು ಮುಹಂದಿಸ್ ಎನ್ನುತ್ತಿದ್ದರು, ಎಂಜಿನಿಯರ್ ಎಂಬ ಅರ್ಥದಲ್ಲಿ.

"ಮುಹಂದಿಸ್, ಈ ಚಳಿಗಾಲ ನನ್ನ ತೋಟ ಹಳದಿ ಆಗಬೇಕು."

"ಪ್ರಯತ್ನ ಮಾಡುವ, ಅರ್ಬಾಬ್. ಇಲ್ಲಿ ಯಾರೂ ಬೆಳೆಸಿದ್ದು ನಾನು ನೋಡಿಲ್ಲ."

"ತರಕಾರಿಯಿಂದ ನನಗೆ ಬೇಜಾರಾಗಿದೆ. ಇದು ಬಂದರೆ ತೋಟ ನಿನ್ನ ಕೈಯಲ್ಲೇ ಇರಲಿ. ಬಾರದಿದ್ದರೆ ಪೂರ್ತಿ ದನದ ಹುಲ್ಲು ಹಾಕಿಸುತ್ತೇನೆ. ಹುಲ್ಲಿಗೆ ಮುಹಂದಿಸ್ ಯಾಕೆ? ನೀನು ಸೊಹಾರಿನ ಗೋದಾಮಿಗೆ ಹೋಗು. ಅಲ್ಲಿ ಬ್ಯಾಚುಲರ್ ರೂಮು ಇದೆ."

"ಮತ್ತೆ ಫ್ಯಾಮಿಲಿ?"

ಅರ್ಬಾಬ್ ನನ್ನ ಕಡೆ ನೋಡಿ ನಕ್ಕರು, ಕೆಟ್ಟ ನಗುವೇನಲ್ಲ. ಕೈಯನ್ನು ವಿಮಾನದಂತೆ ಮಾಡಿ ಆಕಾಶಕ್ಕೆ ಏರಿಸಿದರು.

ಹೀಗೆ ನಾನು ಅಪ್ಪನ ಜೊತೆ ಇರುವುದೋ ಬಿಡುವುದೋ ಎನ್ನುವುದು ಸಾಸಿವೆ ಕಾಳಿನಷ್ಟು ದೊಡ್ಡದಾದ ಒಂದು ಬೀಜದ ಮೇಲೆ ನಿಂತಿತು. ಅಪ್ಪ ಆ ದಿನದಿಂದ ಹಳೆಯ ಡಿಪ್ಲೊಮಾ ಪುಸ್ತಕಗಳನ್ನು ಹೊರತೆಗೆದರು. ಯೂರೋಪಿನಲ್ಲಿ ಶರತ್ಕಾಲಕ್ಕೆ ಬಿತ್ತಿದರೆ ಹೂವು ವಸಂತಕ್ಕೆ. ನಮಗಲ್ಲಿ ಚಳಿಗಾಲವೇ ಎರಡೂ. ಬೇಗ ಬಿತ್ತಿದರೆ ಬಿಸಿಲು ಮೊಳಕೆಯನ್ನು ಸುಡುತ್ತದೆ, ತಡವಾದರೆ ಹೂ ಬಿಡುವ ಹೊತ್ತಿಗೆ ಮತ್ತೆ ಸೆಕೆ. ಅಕ್ಟೋಬರಿನಲ್ಲಿ, ಬೆಳಗಿನ ಗಾಳಿಗೆ ಮೊದಲ ಸಲ ತೋಳಿನ ಕೂದಲು ನಿಂತ ವಾರ, ಅಪ್ಪ ಅರ್ಧ ಬೀಜವನ್ನು ಬಿತ್ತಿಸಿದರು. ನಾಲ್ಕನೆಯ ದಿನ ಸಾಲು ಸಾಲಾಗಿ ಮೊಳಕೆ ಎದ್ದಿತು. ಒಂದೊಂದರಲ್ಲೂ ಹೃದಯದ ಆಕಾರದ ಎರಡು ಎಲೆ. ಅಪ್ಪ ಮಂಡಿಯೂರಿ ಕೂತು ಅವುಗಳನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ.

ಆರನೆಯ ದಿನ ತಿಗಣೆ ಬಂತು. ಹಾಸಿಗೆಯ ತಿಗಣೆಯಲ್ಲ, ಕೊತ್ತಂಬರಿ ಬೀಜದಷ್ಟಿದ್ದು, ಕಪ್ಪು ಮೈಮೇಲೆ ಕೇಸರಿ, ಬಿಳಿ ಚುಕ್ಕೆ ಬಳಿದುಕೊಂಡ, ನೋಡಲು ಬಹಳ ಚಂದದ ಹುಳ. ಎರಡೆರಡು ಬಾಲಕ್ಕೆ ಬಾಲ ಅಂಟಿಕೊಂಡು, ಒಂದು ಮುಂದಕ್ಕೆ ನಡೆದರೆ ಇನ್ನೊಂದು ಹಿಂದಕ್ಕೆ ನಡೆಯುತ್ತಾ ಬರುತ್ತಿದ್ದವು. ಅವು ಎಲೆಯನ್ನು ಕಡಿಯುವುದಿಲ್ಲ, ಹೀರುತ್ತವೆ. ಹೀರಿದ ಕಡೆ ಎಲೆಯ ನಡುವೆ ಬಿಳಿ ಚುಕ್ಕೆ ಏಳುತ್ತದೆ, ಚುಕ್ಕೆಗಳು ಕೂಡಿಕೊಂಡು ಎಲೆ ಕಾಗದವಾಗುತ್ತದೆ. ಅಪ್ಪ ಔಷಧ ಹೊಡೆಸಿದರು. ಬಿದ್ದವು. ಮರುದಿನ ಪಕ್ಕದ ಪಾಳುಬಿದ್ದ ಮೂಲಂಗಿ ಹೊಲದಿಂದ ಬೇರೆಯವು ಬಂದವು. ಮತ್ತೆ ಹೊಡೆಸಿದರು. ಮತ್ತೆ ಬಂದವು. ಹತ್ತು ದಿನದಲ್ಲಿ ಮೊದಲ ಬಿತ್ತನೆ ಪೂರ್ತಿ ಹೋಯಿತು. ಉಳಿದ ಅರ್ಧ ಬೀಜವನ್ನು ಅಪ್ಪ ನವೆಂಬರ್ ಮೊದಲಲ್ಲಿ ಬಿತ್ತಿಸಿದರು. ಇನ್ನು ಬೀಜವಿಲ್ಲ. ಔಷಧವೂ ಮುಗಿದಿತ್ತು, ಮಸ್ಕತ್ತಿನ ಅಂಗಡಿಯವನು ಹೊಸ ಸರಕಿಗೆ ಹತ್ತು ದಿನ ಕಾಯಿರಿ ಎಂದಿದ್ದ. ಎರಡನೆಯ ಸಲವೂ ಮೊಳಕೆ ಎದ್ದಿತು. ಗುರುವಾರ ಸಂಜೆ ನಾನು ಮೊದಲ ತಿಗಣೆ ಜೋಡಿಯನ್ನು ಕಂಡು ಅಪ್ಪನನ್ನು ಕರೆದೆ.

ಮರುದಿನ ಶುಕ್ರವಾರ. ಊಟಕ್ಕೆ ಕೂತಾಗ ಅಮ್ಮನೇ ಮಾತೆತ್ತಿದಳು.

"ನಾನು ಎಷ್ಟು ದಿನದಿಂದ ಹೇಳ್ತಾ ಇದ್ದೇನೆ, ಬೂದಿ ಹಾಕಿ ಅಂತ. ನನ್ನ ಅಮ್ಮ ಹರಿವೆಗೆ, ಬದನೆಗೆ, ಅಲಸಂಡೆಗೆ ಎಲ್ಲದಕ್ಕೂ ಬೂದಿಯೇ. ಒಂದು ಹುಳ ಹತ್ತಿರ ಬರ್ತಿರ್ಲಿಲ್ಲ."

"ಆ ಮಣ್ಣು ಬೇರೆ, ಈ ಮಣ್ಣು ಬೇರೆ ಮಾರಾಯ್ತಿ" ಎಂದರು ಅಪ್ಪ. "ದಿನಕ್ಕೆ ಎರಡು ಹೊತ್ತು ತೆಳ್ಳಗೆ ನೀರು ಕೊಟ್ಟು ನೆಲ ಒದ್ದೆ ಇಡುವ. ತಿಗಣೆ ಮಣ್ಣಿನ ಬಿರುಕಿನಲ್ಲಿ ಅಡಗಿ ಕೂರುವುದು. ಒದ್ದೆ ಇದ್ದರೆ ಅದಕ್ಕೆ ಜಾಗ ಇಲ್ಲ. ಬೆಳಿಗ್ಗೆ ಚಳಿಗೆ ಅದು ಮರಗಟ್ಟಿರ್ತದೆ, ಆಗ ಕೈಯಲ್ಲೇ ಹೆಕ್ಕುವ. ಔಷಧ ಬರುವವರೆಗೆ ಹಾಗೆ ದೂಡಿದರೆ ಸಾಕು."

"ಸರಿ, ಇವತ್ತಿನ ವಿಷಯ ಇದೇ ಆಗಲಿ" ಎಂದೆ ನಾನು. ಯಾಕೆ ಹಾಗೆಂದೆನೋ. ಆ ವಾರವೆಲ್ಲ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ; ಸೌಟಿನ ಸದ್ದಾದರೂ ಕೇಳಲಿ ಎನಿಸಿರಬೇಕು. ಅಪ್ಪ ಜೇಬಿನಿಂದ ನಾಣ್ಯ ತೆಗೆದು ಚಿಮ್ಮಿದರು. ನನಗೆ ಬೂದಿಯ ಪಕ್ಷ ಬಂತು. ಬೂದಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿರಬೇಕೆಂಬ ನಿಯಮವೂ ಇರಲಿಲ್ಲ.

ಎದುರಿನವರ ಗಟ್ಟಿ ಮಾತು ಯಾವುದು? ನೀರು. ನಾನು ಎದ್ದು ಹೋಗಿ, ಗದ್ದೆಯ ಅಂಚಿನಿಂದ ಒಂದು ಹೆಂಟೆ ಮಣ್ಣು ತಂದು ಚಾಪೆಯ ಮೇಲಿಟ್ಟೆ. ಒಣಗಿದ ಮೇಲ್ಮೈಯಲ್ಲಿ ಹಪ್ಪಳದಷ್ಟು ತೆಳ್ಳಗೆ ಬಿಳಿ ಪೊರೆ.

"ಅಪ್ಪ, ಇದೆಂತದು?"

"ಉಪ್ಪು."

"ಎಲ್ಲಿಂದ ಬಂತು?"

"ಬಾವಿ ನೀರಿಂದ."

"ವಾರಕ್ಕೆ ಎರಡು ಸಲ ನೀರು ಬಿಟ್ಟದ್ದಕ್ಕೆ ಇಷ್ಟು. ನೀವು ದಿನಕ್ಕೆ ಎರಡು ಸಲ ಅಂತೀರಿ. ತಿಗಣೆ ಕೊಲ್ಲದಿದ್ದರೆ ಉಪ್ಪು ಕೊಲ್ತದೆ. ಅಲ್ವಾ?"

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಕಣ್ಣಿನಲ್ಲಿ ಆ ಸಂತೋಷ ಕಾಣಿಸಿತು, ನಾನು ಚೆನ್ನಾಗಿ ಹೊಡೆದಾಗ ಬರುವಂಥದ್ದು. ಆದರೂ ಬಿಡಲಿಲ್ಲ.

"ಆಯ್ತು. ಆದರೆ ಬೂದಿ ಈ ನೆಲಕ್ಕೆ ಆಗ್ತದಾ ಅಂತ ಯಾರಿಗೆ ಗೊತ್ತು? ಇದು ಬೇರೆ ಮಣ್ಣು ಮಗಾ."

"ಬೇರೆ ಅಂದರೆ ಹೇಗೆ ಬೇರೆ? ಬೇರೆ ಬೇರೆ ಅಂತ ಮೂರು ಸಲ ಹೇಳಿದ್ರಿ. ಒಂದು ಕಾರಣ ಕೊಡಿ."

"ಕಾರಣ ಅಂದರೆ... ಊರಿನದ್ದು ಕೆಂಪು ಮಣ್ಣು, ಮಳೆ ಬಂದು ತೊಳೆದು ಹೋಗ್ತದೆ. ಇಲ್ಲಿ ಮಳೆ ಇಲ್ಲ..." ಅಪ್ಪ ಮುಂದಿನದ್ದನ್ನು ಹುಡುಕುತ್ತಿದ್ದರು. ಅವರು ಓದಿದ್ದು ಎಲ್ಲೋ ಒಳಗಿತ್ತು, ಅದು ನಾಲಿಗೆಗೆ ಬರುವುದು ತಡವಾಗುತ್ತಿತ್ತು. ಕೊನೆಗೆ, "ಒಂದು ಕೆಲಸ ಮಾಡುವ. ನಾಲ್ಕು ಸಾಲಿಗೆ ಮಾತ್ರ ಹಾಕಿ ಮೂರು ದಿನ ನೋಡುವ" ಎಂದರು.

"ಮೂರು ದಿನದಲ್ಲಿ ಉಳಿದದ್ದನ್ನು ತಿಗಣೆ ಮುಗಿಸ್ತದೆ. ಮೊದಲನೇ ಸಲ ಹಾಗೇ ಆಯ್ತಲ್ಲ? ಕಾದು ನೋಡಿಯೇ ಹಾಳಾದದ್ದು. ನಾಲ್ಕು ಸಾಲು ಉಳಿಸಿಕೊಂಡು ಅರ್ಬಾಬಿಗೆ ಎಂತ ತೋರಿಸ್ತೀರಿ?"

ಅಮ್ಮ ತಟ್ಟೆಯನ್ನು ಸೌಟಿನಿಂದ ಬಡಿದಳು. ತೀರ್ಪಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅದು ಅವಳದೇ ಪಕ್ಷ. ಮೀನಿನ ಮೊಟ್ಟೆಯನ್ನು ನನ್ನ ತಟ್ಟೆಗೆ ಬಡಿಸುತ್ತಾ, "ವಕೀಲೆ ಆಗ್ತಾಳೆ ನಿಮ್ಮ ಮಗಳು" ಎಂದಳು. ಅಪ್ಪ ತಲೆಯಾಡಿಸಿ ನಕ್ಕು, "ಸೋತೆ ಮಾರಾಯ್ತಿ, ಸೋತೆ. ಬೂದಿಯೇ ಆಗಲಿ" ಎಂದರು.

ಇವತ್ತಿಗೂ ನಾನು ಏನನ್ನೂ ಸುಲಭಕ್ಕೆ ನಂಬುವವಳಲ್ಲ. ಪರೀಕ್ಷೆ ಮಾಡಿ ನೋಡದ ಮಾತನ್ನು ಒಪ್ಪಬೇಡಿ ಎಂದು ಕಂಡಕಂಡವರಿಗೆ ಹೇಳುತ್ತೇನೆ. ಅದಕ್ಕಾಗಿ ಸಂಬಂಧಿಕರ ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯುವುದೂ ಇದೆ. ಆದರೆ ಆ ಮಧ್ಯಾಹ್ನ ಪರೀಕ್ಷೆ ಮಾಡೋಣ ಎಂದವರು ಅಪ್ಪ. ಬೇಡವೆಂದು ಗೆದ್ದವಳು ನಾನು. ನೀರಿನಲ್ಲಿ ಉಪ್ಪಿದೆಯೇ ಎಂದು ಕೇಳಿದ ನನಗೆ ಬೂದಿಯಲ್ಲಿ ಏನಿದೆ ಎಂದು ಕೇಳುವುದು ತೋಚಲಿಲ್ಲ. ತೋಚಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ನಮ್ಮ ಪಕ್ಷಕ್ಕೆ ಹಾನಿಯಾಗುವ ಪ್ರಶ್ನೆಯನ್ನು ನಾವೇ ಕೇಳಬಾರದು ಎನ್ನುವುದೂ ತರಬೇತಿಯ ಭಾಗವಾಗಿತ್ತು.

ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಯದು? ತೋಟದ ಕೆಲಸಗಾರ ಶಫೀಕ್, ಬಾಂಗ್ಲಾದ ಐವತ್ತರ ಮನುಷ್ಯ, ಬೇಲಿಯ ಬದಿಯಲ್ಲಿ ವರ್ಷಗಳಿಂದ ಬಿದ್ದಿದ್ದ ಖರ್ಜೂರದ ಒಣಗರಿಗಳ ರಾಶಿಗೆ ಬೆಂಕಿ ಕೊಟ್ಟ. ಶನಿವಾರ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆಗೆ ಹೋಗಲಿಲ್ಲ. ಅಮ್ಮ ಅಪ್ಪನ ಹಳೆಯ ಪಂಚೆಯಲ್ಲಿ ಬೂದಿ ಸೋಸಿದಳು, ನಾನು ಬುಟ್ಟಿ ಹೊತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳಸಂದಿಯಿಂದ ಬೂದಿ ಉದುರಿಸುತ್ತಾ ಸಾಲಿನುದ್ದಕ್ಕೆ ನಡೆದ ಅಮ್ಮನನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಅವಳು ಮಾತಾಡುತ್ತಿದ್ದಳು, ಟೇಪಿಗಲ್ಲ, ನನಗೆ. ಅಜ್ಜಿ ಹೇಗೆ ಬೂದಿಗೆ ಒಂದು ಮುಷ್ಟಿ ಅರಸಿನ ಬೆರೆಸುತ್ತಿದ್ದಳು, ಬೂದಿ ಕದ್ದ ಪಕ್ಕದ ಮನೆಯವಳ ಜೊತೆ ಹೇಗೆ ಮಾತು ಬಿಟ್ಟಿದ್ದಳು ಎಂದೆಲ್ಲ.

"ಬೂದಿಗೆ ಯಾರಾದರೂ ಮಾತು ಬಿಡ್ತಾರಾ ಅಮ್ಮ?"

"ಬಿಡ್ತಾರೆ ಮತ್ತೆ! ನಿನಗೆ ಗೊತ್ತಿಲ್ಲ, ಬದನೆಗಿಡ ಅಂದರೆ ನಮ್ಮ ಅಮ್ಮನಿಗೆ ನನಗಿಂತ ಹೆಚ್ಚು."

ಬೇಲಿಯ ಹತ್ತಿರ, ಸಮುದ್ರದ ಬದಿಯ ಕೊನೆಯ ಎರಡು ಸಾಲಿಗೆ ಬರುವಾಗ ಬೂದಿ ಮುಗಿಯಿತು. ಅಲ್ಲಿ ಪೈಪು ಸೋರಿ ನೆಲವೂ ಕೆಸರಾಗಿತ್ತು, ಕಾಲಿಡುವಂತಿರಲಿಲ್ಲ. "ಇರಲಿ ಬಿಡು, ಅಷ್ಟು ತಿಗಣೆಗೆ ಊಟಕ್ಕೆ" ಎಂದಳು ಅಮ್ಮ. ಇಬ್ಬರೂ ಬೂದಿ ಮೆತ್ತಿದ ಮುಖದಲ್ಲಿ ನಕ್ಕೆವು.

ಮೂರು ದಿನ ನಾನು ಗೆದ್ದೇ ಇದ್ದೆ. ಬೂದಿ ಕೂತ ಎಲೆಯ ಮೇಲೆ ತಿಗಣೆ ಕೂರುತ್ತಿರಲಿಲ್ಲ. ನಾಲ್ಕನೆಯ ದಿನ ನೀರು ಹಾಯಿಸುವ ಸರದಿ. ಬೂದಿ ಕರಗಿ ಬೇರಿಗೆ ಇಳಿಯಿತು. ಆರನೆಯ ದಿನ ಶಾಲೆಯಿಂದ ಬಂದಾಗ ಅಪ್ಪ ಗದ್ದೆಯ ನಡುವೆ ಒಬ್ಬರೇ ನಿಂತಿದ್ದರು. ನಾನು ಚೀಲ ಹಾಕಿಕೊಂಡೇ ಓಡಿದೆ. ಎಲೆಗಳಲ್ಲಿ ಬಿಳಿ ಚುಕ್ಕೆ ಇರಲಿಲ್ಲ. ಅಂಚುಗಳು ಮಾತ್ರ ಸುತ್ತಲೂ ಕಂದಾಗಿ, ಯಾರೋ ಒಂದೊಂದಕ್ಕೂ ಊದುಬತ್ತಿ ತಾಗಿಸಿದ ಹಾಗೆ ಸುಟ್ಟು ಒಳಮುಖ ಮಡಚಿದ್ದವು. ಅಪ್ಪ ಬಗ್ಗಿ ಒಂದು ಚಿಟಿಕೆ ಬೂದಿಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು, ಉಗುಳಿದರು. ಆ ಶುಕ್ರವಾರ ನಾಲಿಗೆಗೆ ಬಾರದೆ ಹೋದದ್ದು ಈಗ ಬಂದಿತ್ತು; ಅವರು ಮೆಲ್ಲಗೆ, ನನಗೆಂದಲ್ಲ, ಗಾಳಿಗೆ ಎಂಬಂತೆ ಹೇಳಿದರು. ನಮ್ಮೂರಿನ ಮಣ್ಣು ಹುಳಿ. ಬೂದಿ ಕ್ಷಾರ, ಸುಣ್ಣದಂಥದ್ದು. ಹುಳಿಗೆ ಅದು ಮದ್ದು. ಇಲ್ಲಿನ ಮಣ್ಣು ಹುಟ್ಟಾ ಸುಣ್ಣ. ಅದರ ಮೇಲೆ ಸಮುದ್ರದ ಬದಿ ಬೆಳೆದ ಖರ್ಜೂರದ ಗರಿ, ಅದರೊಳಗೇ ಉಪ್ಪು.

"ಈಗ ಸಿಹಿನೀರು ಹಾಕಿ ತೊಳೆದರೆ?" ಎಂದೆ.

"ಎಷ್ಟು ಟ್ಯಾಂಕರ್ ಬೇಕು ಮಗಾ ಇದಕ್ಕೆ."

ಅರ್ಬಾಬ್ ಬಂದದ್ದು ಅದರ ಮರುವಾರ. ಈ ಸಲ ಪಿಕಪ್ಪಿನಿಂದ ಇಳಿದರು. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದರು; ತೆಗೆದು, ಬರಿಗಣ್ಣಿನಲ್ಲಿ ಗದ್ದೆಯ ಉದ್ದಕ್ಕೂ ನೋಡಿದರು. ನಾನೂ ಅಮ್ಮನೂ ಕ್ಯಾಬಿನ್ನಿನ ಕಿಟಕಿಯಲ್ಲಿದ್ದೆವು.

"ಇದನ್ನು ಯಾರು ಹಾಕಿದ್ದು, ಮುಹಂದಿಸ್? ಈ ಬೂದಿ?"

"ನಾನು."

"ನೀನು ಓದಿದವನು."

"ಹೌದು ಅರ್ಬಾಬ್. ನನ್ನ ತಪ್ಪು. ಬೇರೆ ಯಾರದ್ದೂ ಅಲ್ಲ."

ಅರ್ಬಾಬ್ ಬೈಯಲಿಲ್ಲ. ಬೈದಿದ್ದರೆ ನಾನು ಹೊರಗೆ ಓಡಿಹೋಗಿ, ಇಲ್ಲ, ವಾದ ನನ್ನದು ಎಂದು ಹೇಳುತ್ತಿದ್ದೆನೇನೋ. ಅವರು ಅಪ್ಪನ ಭುಜದ ಮೇಲೆ ಕೈಯಿಟ್ಟು, ಖಲಾಸ್, ಖಲಾಸ್ ಎಂದು ಎರಡು ಸಲ ಹೇಳಿದರು, ಸಾವಿನ ಮನೆಯಲ್ಲಿ ಹೇಳುವ ಹಾಗೆ. ಅಮ್ಮ ನನ್ನ ಪಕ್ಕದಿಂದ ಸರಿದು ಹಿಂದಿನ ಕೋಣೆಗೆ ಹೋದಳು. "ನನ್ನ ಬಾಯಿಯಿಂದ ಬಂದದ್ದು" ಎಂದು ಅವಳು ಹೇಳಿಕೊಂಡದ್ದು ಮೂರು ಕೋಣೆಗೂ ಕೇಳಿಸಿತು. ಒಂದೇ ಗದ್ದೆಯ ಸಾವಿಗೆ ಆ ಮನೆಯಲ್ಲಿ ಮೂವರು ತಪ್ಪಿತಸ್ಥರಿದ್ದರು, ಮತ್ತು ಮೂವರೂ ಒಬ್ಬರಿಗೊಬ್ಬರು ಹೇಳದೆ ಒಬ್ಬೊಬ್ಬರೇ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದರು. ಮುಂದಿನ ಶುಕ್ರವಾರ ಸೌಟು ಸಾರಿನಲ್ಲೇ ಇತ್ತು. ಮೀನಿನ ಮೊಟ್ಟೆಯನ್ನು ಅಪ್ಪ ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ತಿಂದೆ. ತಿನ್ನದಿದ್ದರೆ ಮಾತು ಶುರುವಾಗುತ್ತಿತ್ತು.

ಶಾಲೆಯ ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಇರಲು ಅರ್ಬಾಬ್ ಬಿಟ್ಟರು. ಫ್ಲೇವಿಯಾ ಮಿಸ್ ನನ್ನ ಟಿ.ಸಿ. ಕೈಗಿಟ್ಟು, ಮುಂದಿನ ತಿಂಗಳ ಸ್ಪರ್ಧೆಗೆ ನಿನ್ನ ಹೆಸರು ಕೊಟ್ಟಿದ್ದೆನಲ್ಲ ಎಂದು ಬೇಸರಪಟ್ಟರು. ಪರವಾಗಿಲ್ಲ ಮಿಸ್ ಎಂದೆ. ಒಳಗೆ ಮಾತ್ರ ನನ್ನ ಎರಡು ದನಿಗಳು ಬಿಡುವಿಲ್ಲದೆ ಕಚ್ಚಾಡುತ್ತಿದ್ದವು. ಬೂದಿ ಹಾಕದಿದ್ದರೂ ತಿಗಣೆ ಮುಗಿಸುತ್ತಿತ್ತು, ಮೊದಲ ಬಿತ್ತನೆಯನ್ನು ಮುಗಿಸಲಿಲ್ಲವೇ? ಅಪ್ಪನ ನೀರು ಉಪ್ಪು ಏರಿಸುತ್ತಿತ್ತು, ಅದನ್ನು ಅವರೇ ಒಪ್ಪಲಿಲ್ಲವೇ? ಹೇಗಿದ್ದರೂ ಸಾಯುವ ಗಿಡವನ್ನು ಒಂದು ವಾದ ಕೊಂದಿತು ಎನ್ನುವುದಕ್ಕೆ ಸಾಕ್ಷಿ ಏನು? ಸಾಕ್ಷಿ ಇಲ್ಲ. ಈ ಉತ್ತರದ ಮೇಲೆ ನಾನು ನಿದ್ದೆ ಮಾಡುತ್ತಿದ್ದೆ.

ನಾನೂ ಅಮ್ಮನೂ ಊರಿಗೆ ಹೊರಡುವ ದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ಅಮ್ಮ ಒಳಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ನಾನು ಹೊರಗೆ ಬಂದು, ಕಡೆಯ ಸಲ ಸಮುದ್ರ ನೋಡೋಣ ಎಂದು ಬೇಲಿಯ ಕಡೆ ನಡೆದೆ. ಗದ್ದೆಯನ್ನು ಆಗಲೇ ಟ್ರ್ಯಾಕ್ಟರ್ ಉತ್ತಿತ್ತು, ಹುಲ್ಲಿನ ಬಿತ್ತನೆಗೆ. ಕೆಸರಿದೆಯೆಂದು ಟ್ರ್ಯಾಕ್ಟರಿನವನು ಕೊನೆಯ ಎರಡು ಸಾಲನ್ನು ಬಿಟ್ಟಿದ್ದ. ಅಲ್ಲಿ ಅಪ್ಪ ಇದ್ದರು. ನನಗೆ ಬೆನ್ನು ಹಾಕಿ, ಬಗ್ಗಿ, ಎರಡೂ ಕೈಯಲ್ಲಿ ಏನನ್ನೋ ಬೇರುಸಹಿತ ಕೀಳುತ್ತಿದ್ದರು. ಅವಸರದಲ್ಲಿದ್ದರು. ಕಿತ್ತದ್ದನ್ನು ಬೇಲಿಯಾಚೆ ಶಫೀಕನ ಆಡುಗಳಿಗೆ ಎಸೆಯುತ್ತಿದ್ದರು. ಹತ್ತಿರ ಹೋದೆ. ಸಾಲು ಹೆಚ್ಚುಕಡಿಮೆ ಖಾಲಿಯಾಗಿತ್ತು. ಅಪ್ಪನ ಕೈಯಲ್ಲಿದ್ದದ್ದು ಕೊನೆಯ ಹಿಡಿ: ಮೊಣಕಾಲೆತ್ತರದ ದಪ್ಪ ದಂಟು, ಅಂಗೈಯಗಲದ ಬೂದುಹಸಿರು ಎಲೆ. ಒಂದರ ನೆತ್ತಿಯಲ್ಲಿ ಮೊಗ್ಗಿನ ಗೊಂಚಲು, ಅದರಲ್ಲಿ ಒಂದು ಬಿರಿದು ಒಳಗಿನ ಹಳದಿ ಕಾಣುತ್ತಿತ್ತು.

ಬೂದಿ ಬೀಳದ ಸಾಲು. ನೆಲ ಸದಾ ಒದ್ದೆಯಿದ್ದ ಸಾಲು. ಬೂದಿ ಇಲ್ಲದ್ದಕ್ಕೆ ಬದುಕಿದವೋ, ಒದ್ದೆ ಇದ್ದದ್ದಕ್ಕೆ ಬದುಕಿದವೋ ಎಂದು ಬೇಕಾದರೆ ವಾದಿಸಬಹುದು. ಎರಡರಲ್ಲಿ ಯಾವುದೇ ಆದರೂ ಅದು ಆ ಶುಕ್ರವಾರ ಸೋತ ಪಕ್ಷ.

ಅಪ್ಪ ತಿರುಗಿ ನನ್ನನ್ನು ಕಂಡರು. ಕೈಯಲ್ಲಿದ್ದದ್ದನ್ನು ಹಿಂದಕ್ಕೆ ಒಯ್ದು, ಬೇಲಿಯಾಚೆ ಬಿಟ್ಟರು. ಕೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಇಷ್ಟು ಬೇಗ ಎದ್ದದ್ದಾ? ಚಳಿ ಉಂಟು, ಸ್ವೆಟರ್ ಎಲ್ಲಿ?"

"ಎಂತ ಕೀಳುವುದು ಅಪ್ಪ?"

"ಎಂತದೂ ಇಲ್ಲ. ಇಲ್ಲಿ ಸ್ವಲ್ಪ ಉಳಿದಿತ್ತು. ಇದನ್ನೂ ತಿಗಣೆ ತಿಂದದ್ದೇ ಮಗಾ. ಪೂರಾ ತಿಗಣೆ. ಬೂದಿ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ."

ಬೇಲಿಯಾಚೆ ಆಡುಗಳು ಎಲೆಗಳನ್ನು ಎಳೆದಾಡಿಕೊಂಡು ತಿನ್ನುತ್ತಿದ್ದವು. ಆ ಎಲೆಗಳಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇರಲಿಲ್ಲ. ಅದನ್ನು ನಾನು ನೋಡುತ್ತಿದ್ದೇನೆ ಎಂದು ಅಪ್ಪನಿಗೂ ಗೊತ್ತಿತ್ತು.

"ಹೌದಪ್ಪ" ಎಂದೆ.